ಬೋರ್ಡಿನ ಮೇಲೆ ‘ಛಾಯಾಗ್ರಾಹಕ’ ಅಂತ ಬರೆಸಬಹುದಾ?

ಆಲೂರಿನ ಫೋಟೋದವ

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಒಂದೇ ಸಾಲಿಂದು, ಆದ್ರೆ ಹಿಂದಿನ ಕತೆ ಉದ್ದ ಇದೆ. ಪುರುಸೊತ್ತು ಇದ್ದೋರು ಓದಿ.

ಹೋದ ವಾರದ ಗಾಳಿಮಳೆಗೆ ನನ್ನ ಅಂಗಡಿ ಬೋರ್ಡು ಹರಿದು ಚರಂಡಿಗೆ ಬಿತ್ತು. ಫ್ಲೆಕ್ಸ್ ಸಹವಾಸ ಸಾಕು, ಈ ಸಲ ತಗಡಿನ ಮೇಲೆ ಪೇಂಟಲ್ಲೇ ಬರೆಸೋಣ ಅಂತ ಹಾಸನದಿಂದ ಹಳೇ ಕಾಲದ ಬೋರ್ಡ್ ಆರ್ಟಿಸ್ಟ್ ಒಬ್ಬರನ್ನ ಕರೆಸಿದೆ. ಅವರು ಟೇಪ್ ಹಿಡಿದು ಅಳತೆ ತಗೊಂಡು, ‘ಸ್ಟುಡಿಯೋ ಹೆಸರು ಮೇಲೆ, ನಿಮ್ಮ ಹೆಸರು ಕೆಳಗೆ, ಅದರ ಕೆಳಗೆ ಛಾಯಾಗ್ರಾಹಕರು ಅಂತ ಹಾಕ್ಲಾ?’ ಅಂದ್ರು. ಹಾಕಿ ಅನ್ನೋಕೆ ಬಾಯಿ ಬರಲಿಲ್ಲ. ಸೋಮವಾರ ಹೇಳ್ತೀನಿ ಅಂತ ಕಳಿಸಿದೆ.

ಯಾಕೆ ಬಾಯಿ ಬರಲಿಲ್ಲ ಅಂತ ಆಮೇಲೆ ಯೋಚನೆ ಮಾಡ್ದೆ. ಮಾರ್ಚಿನಲ್ಲಿ ಒಂದು ದಿನ ಸಕಲೇಶಪುರ ರಸ್ತೆ ಕಡೆ ಒಬ್ಬರ ತೋಟಕ್ಕೆ ಹೋಗಿದ್ದೆ. ರಾತ್ರಿ ಆನೆ ನುಗ್ಗಿ ಬಾಳೆ ಎಲ್ಲ ಮಲಗಿಸಿಬಿಟ್ಟಿತ್ತು, ಪರಿಹಾರದ ಅರ್ಜಿಗೆ ಫೋಟೋ ಬೇಕಿತ್ತು. ವಾಪಸ್ ಬರ್ತಾ ಟೀ ಅಂಗಡೀಲಿ ಬೆಂಗಳೂರಿನವರೊಬ್ಬರು ಸಿಕ್ಕಿದ್ರು. ಮೊಣಕಾಲುದ್ದದ ಲೆನ್ಸು, ಅದಕ್ಕೆ ಹಸಿರು ಬಟ್ಟೆ ಕವಚ. ನನ್ನ ಹೆಗಲ ಬ್ಯಾಗ್ ನೋಡಿ, ‘ಓ, ನೀವೂ ಫೋಟೋಗ್ರಾಫರಾ?’ ಅಂದ್ರು. ನಾನು, ‘ಇಲ್ಲ ಸಾರ್, ಸ್ಟುಡಿಯೋ ಇಟ್ಕೊಂಡಿದೀನಿ’ ಅಂದುಬಿಟ್ಟೆ.

ಅವರು ಬೆಳಗ್ಗೆಯಿಂದ ಕಾಯ್ತಿದ್ದದ್ದೂ ಅದೇ ಆನೆಗೆ. ಅವರಿಗೆ ಆನೆ ಬೇಕಿತ್ತು, ನನಗೆ ಆನೆ ಬಂದು ಹೋದದ್ದು ಬೇಕಿತ್ತು. ಅವರಿಗೆ ಅವತ್ತು ಸಿಗಲಿಲ್ಲ, ನನಗೆ ಸಿಕ್ಕಿತ್ತು. ಆದ್ರೂ ‘ಇಲ್ಲ’ ಅಂದೋನು ನಾನೇ.

ನಾನು ಈ ಕೆಲಸಕ್ಕೆ ಸೇರಿದ್ದು 1996ರಲ್ಲಿ, ಹಾಸನದ ಒಂದು ಸ್ಟುಡಿಯೋದಲ್ಲಿ, ಕಸ ಗುಡಿಸೋ ಹುಡುಗನಾಗಿ. ಮೊದಲು ಫೋಟೋ ತೊಳೆಯೋ ಹೈಪೋ ನೀರು ಬದಲಾಯಿಸೋದು, ಆಮೇಲೆ ಪ್ರಿಂಟ್ ಒಣಗಿಸೋದು, ಆಮೇಲೆ ಮದುವೆಗಳಲ್ಲಿ ಫ್ಲಾಶ್ ಹಿಡಿಯೋದು. ಕ್ಯಾಮೆರಾ ಮುಟ್ಟೋಕೆ ಎರಡು ವರ್ಷ ಆಯ್ತು. ಓನರ್ ದಿನಾ ಹೇಳ್ತಿದ್ದ ಮಾತು ಒಂದೇ: ‘ರೋಲ್ ವೇಸ್ಟ್ ಮಾಡಿದ್ರೆ ಸಂಬಳದಲ್ಲಿ ಹಿಡೀತೀನಿ.’ 36ರ ರೋಲನ್ನ ಕತ್ತಲಲ್ಲಿ ಹುಷಾರಾಗಿ ಲೋಡ್ ಮಾಡಿ 38 ಎಳೆಯೋದು ಕಲಿತೆ. ಯಾರೂ ಕೇಳದೇ ಇರೋ ಫೋಟೋ ತೆಗೆಯಬಾರದು ಅನ್ನೋದು ಕೈಬೆರಳಿಗೇ ಅಭ್ಯಾಸ ಆಗೋಯ್ತು.

2001ರಲ್ಲಿ ಆಲೂರಿನಲ್ಲಿ ನಂದೇ ಅಂಗಡಿ ಹಾಕ್ದೆ. ಅಲ್ಲಿಂದ ಇಲ್ಲಿವರೆಗೆ ತೆಗೆದದ್ದೆಲ್ಲ ಬೇರೆಯವರು ಕೇಳಿದ್ದೇ. ಪಾಸ್‌ಪೋರ್ಟ್ ಸೈಜು, ಸ್ಟ್ಯಾಂಪ್ ಸೈಜು, ಎಸ್ಸೆಸ್ಸೆಲ್ಸಿ ಗ್ರೂಪ್ ಫೋಟೋ, ನಾಮಕರಣ, ಗೃಹಪ್ರವೇಶ, ಮದುವೆ. ಸಾವಿನ ಮನೆ ಫೋಟೋ ಕೂಡ. ಹೆಣಕ್ಕೆ ಹಾರ ಹಾಕಿ ಕುರ್ಚೀಲಿ ಕೂರಿಸಿ, ಮನೆಯೋರೆಲ್ಲ ಸುತ್ತ ನಿಂತು ತೆಗೆಸ್ಕೊಳ್ಳೋದು ನಮ್ಮ ಕಡೆ ಇತ್ತು, ಈಗ ಕಮ್ಮಿ. ಬೆಳೆ ಹಾನಿ ಫೋಟೋಗೆ ತಾರೀಕಿನ ಸಾಕ್ಷಿಗೆ ಅಂತ ರೈತನ ಕೈಲಿ ಅವತ್ತಿನ ಪೇಪರ್ ಹಿಡಿಸಿ ತೆಗೀತಿದ್ದೆ. ಈಗ ಜಾಗ, ಹೊತ್ತು ಎರಡೂ ಅಚ್ಚು ಹಾಕೋ ಆ್ಯಪ್ ಮೊಬೈಲಲ್ಲೇ ಇದೆ, ನನ್ನನ್ನ ಕರೆಯೋರು ವಯಸ್ಸಾದೋರು ಮಾತ್ರ.

ಮದುವೆ ಮನೇಲಿ ನನಗೆ ಹೆಸರಿಲ್ಲ. ‘ಫೋಟೋದವ್ರೇ, ಇತ್ಲಾಗ್ ಬನ್ನಿ’, ‘ಫೋಟೋದವ್ರಿಗೆ ಕೊನೇ ಪಂಕ್ತೀಲಿ ಊಟ ಹಾಕ್ರೋ’. ಬೇಜಾರಿಲ್ಲ. ಬಾಳೆಎಲೆ ಮುಂದೆ ಕೂತಾಗ ಪಾಯಸ ಖಾಲಿ ಆಗಿದ್ರೆ ಮಾತ್ರ ಬೇಜಾರು.

ಎರಡು ಪ್ರಸಂಗ ಹೇಳಿ ಮುಗಿಸ್ತೀನಿ.

2023ರ ಡಿಸೆಂಬರ್ 4ಕ್ಕೆ ಯಸಳೂರು ಹತ್ರ ಕಾಡಾನೆ ಹಿಡಿಯೋ ಕಾರ್ಯಾಚರಣೇಲಿ ದಸರಾ ಆನೆ ಅರ್ಜುನ ಸತ್ತ. ಎಂಟು ಸಲ ಅಂಬಾರಿ ಹೊತ್ತಿದ್ದ ಆನೆ. ಮಾರನೇ ದಿನದಿಂದ ನಮ್ಮ ಅಂಗಡಿಗೆ ಜನ ಮೊಬೈಲ್ ಹಿಡ್ಕೊಂಡು ಬರೋಕೆ ಶುರು, ‘ಇದನ್ನ 12-18 ಮಾಡಿ ಲ್ಯಾಮಿನೇಷನ್ ಹಾಕ್ಕೊಡಿ’ ಅಂತ. ಹೆಚ್ಚುಕಮ್ಮಿ ಎಲ್ಲರದ್ದೂ ಒಂದೇ ಫೋಟೋ. ಅರ್ಜುನ ಅಂಬಾರಿ ಹೊತ್ತು ಎದುರಿಗೆ ನಡೆದು ಬರ್ತಿರೋದು, ಕಣ್ಣು ಒಂಚೂರು ಕೆಳಕ್ಕೆ. ಹದಿನಾರು ಪ್ರಿಂಟ್ ಹಾಕ್ದೆ. ಯಾರು ತೆಗೆದದ್ದು ಅಂತ ಒಬ್ಬರಿಗೂ ಗೊತ್ತಿಲ್ಲ, ಒಬ್ಬರೂ ಕೇಳಲೂ ಇಲ್ಲ. ಹದಿನಾರನೇದು ಕತ್ತರಿಸ್ತಾ ಇದ್ದಾಗ ನನಗೇ ಒಂಥರಾ ಆಯ್ತು. ಅದನ್ನ ತೆಗೆದೋನು ಫೋಟೋಗ್ರಾಫರೋ, ನನ್ನ ಹಾಗೆ ಯಾರೋ ಫೋಟೋದವನೋ?

ಇನ್ನೊಂದು. ಹೋದ ವರ್ಷ ಒಬ್ಬ ಹುಡುಗ ಬಂದ. ಅವನ ಅಜ್ಜಿ ತೀರ್ಕೊಂಡಿದ್ರು, ನಾಡಿದ್ದು ತಿಥಿ. ಗೋಡೆಗೆ ಹಾಕೋಕೆ ಅಜ್ಜೀದು ಅಂತ ಒಂದು ಫೋಟೋ ಇಲ್ಲ. ಆಧಾರ್‌ದು ತೋರಿಸ್ದ, ಅದ್ರಲ್ಲಿ ಅಜ್ಜಿ ಪೊಲೀಸ್ ಸ್ಟೇಷನ್ನಲ್ಲಿ ಕೂರಿಸಿದ ಹಾಗಿದ್ರು. ಯಾವ ಮನೆ, ಯಾರ ಮದುವೆ ಅಂತ ಕೇಳ್ತಾ ಹೋದೆ. ಅವನ ಚಿಕ್ಕಪ್ಪನ ಮದುವೆ 2004ರಲ್ಲಿ ನಾನೇ ತೆಗೆದದ್ದು. ನೆಗೆಟಿವ್ ಕವರು ಅಟ್ಟದ ಮೇಲೆ ಇತ್ತು, ಗೆದ್ದಲು ಮುಟ್ಟಿರಲಿಲ್ಲ. ಒಂದು ಗ್ರೂಪ್ ಫೋಟೋದ ಎಡ ಅಂಚಲ್ಲಿ, ಅರ್ಧ ಭುಜ ಫ್ರೇಮಿಂದ ಆಚೆ, ಅಜ್ಜಿ ಯಾರನ್ನೋ ನೋಡಿ ನಗ್ತಾ ಇದ್ರು. ಅಷ್ಟನ್ನೇ ಕತ್ತರಿಸಿ, ಕಾಣದೇ ಇದ್ದ ಭುಜಾನ ಫೋಟೋಶಾಪಲ್ಲಿ ಕೂರಿಸಿ ಕೊಟ್ಟೆ. ಹುಡುಗ ಅಂಗಡೀಲೇ ಅತ್ತ. ಆ ನಗು ನಾನು ನೋಡಿ ಹಿಡಿದದ್ದಲ್ಲ. ಅವತ್ತು ನನ್ನ ಕಣ್ಣು ಗಂಡು ಹೆಣ್ಣಿನ ಮೇಲಿತ್ತು, ಅಜ್ಜಿ ಬಿದ್ದದ್ದು ಆಕಸ್ಮಿಕ. ಹಾಗಿದ್ರೆ ಅದು ನನ್ನ ಫೋಟೋನಾ?

ತಾಲ್ಲೂಕು ಸಂಘದ ಕಾರ್ಡು ಜೇಬಲ್ಲಿದೆ, ಅದರಲ್ಲಿ ಛಾಯಾಗ್ರಾಹಕ ಅಂತಾನೇ ಅಚ್ಚಾಗಿದೆ. ಆದ್ರೂ ಕೇಳ್ತಿದೀನಿ. ಬರೆಸಬಹುದಾ?

ಕ್ಯಾಂಡಿಡ್ ಹುಡುಗ, ಚಿಕ್ಕಮಗಳೂರು

ಅಣ್ಣ, ಕಣ್ಣು ಮುಚ್ಕೊಂಡು ಬರೆಸಿ. ನಾನು ಕ್ಯಾಮೆರಾ ತಗೊಂಡ ಎರಡನೇ ವಾರಕ್ಕೇ ಇನ್‌ಸ್ಟಾದಲ್ಲಿ ಹೆಸರಿನ ಮುಂದೆ ಫೋಟೋಗ್ರಫಿ ಅಂತ ಹಾಕ್ಕೊಂಡೆ. ಇಎಂಐ ಇನ್ನೂ ಒಂದು ಕಂತೂ ಕಟ್ಟಿರಲಿಲ್ಲ. ಯಾರೂ ಬಂದು ಲೈಸೆನ್ಸ್ ತೋರ್ಸು ಅನ್ನಲಿಲ್ಲ.

ಈಗ ಆರ್ಡರ್‌ನಲ್ಲಿ ಎರಡು ಜಾತಿ ಆಗೋಗಿದೆ ಅಲ್ವಾ, ಕ್ಯಾಂಡಿಡ್‌ನವರು, ಟ್ರೆಡಿಷನಲ್‌ನವರು. ಪೋಸ್ ಕೊಡಿ ಅನ್ನದೆ, ಅವರಿಗೆ ಗೊತ್ತಾಗದ ಹಾಗೆ ತೆಗೆಯೋರು ಕ್ಯಾಂಡಿಡ್. ಸ್ಟೇಜ್ ಮೇಲೆ ಬಂದೋರನ್ನೆಲ್ಲ ಸಾಲಾಗಿ ನಿಲ್ಲಿಸಿ ತೆಗೆಯೋರು ಟ್ರೆಡಿಷನಲ್. ಅವರ ರೇಟು ಕಮ್ಮಿ. ನಾನೂ ಒಂದು ಕಾಲದಲ್ಲಿ ಅವರನ್ನ ನೋಡಿ ಮುಸುಮುಸು ನಗ್ತಿದ್ದೆ.

ಅಣ್ಣ ಕೇಳಿದ್ರು ಅಂತ ನಿಜ ಹೇಳ್ತೀನಿ, ಎಲ್ಲೂ ಹೇಳಿಲ್ಲ. ನನ್ನ ಮೊದಲನೇ ಆರ್ಡರ್ ಕಡೂರು ಹತ್ರ. 85 ಎಂಎಂ ಲೆನ್ಸು, ಅಪರ್ಚರ್ ಪೂರ್ತಿ ಓಪನ್ (ಅಂದ್ರೆ ಫೋಕಸ್ ಇಟ್ಟ ಜಾಗ ಬಿಟ್ಟು ಮಿಕ್ಕಿದ್ದೆಲ್ಲ ಮಸುಕು), ಹುಡುಗಿ ರೆಪ್ಪೆ ಮೇಲೆ ಫೋಕಸ್ ಇಟ್ಕೊಂಡು ನಿಂತಿದ್ದೆ, ಕಣ್ಣೀರು ಬರುತ್ತೆ ಅಂತ. ವಾಲಗದೋರು ಗಟ್ಟಿಮೇಳ ಬಾರಿಸಿದ್ರು, ಅಕ್ಕಿ ಬಿತ್ತು, ತಾಳಿ ಕಟ್ಟಾಯ್ತು. ನನ್ನ ಹತ್ರ ಇದ್ದದ್ದು ಮೂವತ್ತು ರೆಪ್ಪೆ! ಗಂಡಿನ ಕೈ, ತಾಳಿ, ಏನೂ ಇಲ್ಲ. ಪಕ್ಕದಲ್ಲಿ ಐವತ್ತು ವರ್ಷ ದಾಟಿದ ಟ್ರೆಡಿಷನಲ್ ಅಣ್ಣ ಒಬ್ರು ಸ್ಟೂಲ್ ಮೇಲೆ ನಿಂತು ಮೂರೇ ಕ್ಲಿಕ್ ಹೊಡೆದಿದ್ರು, ಮೂರೂ ಸರಿ. ಊಟದ ಹೊತ್ತಿಗೆ ಅವರ ಕಾಲು ಹಿಡ್ಕೊಂಡು ಫೈಲ್ ಇಸ್ಕೊಂಡೆ. ಇವತ್ತಿಗೂ ಆ ಫೋಟೋ ನನ್ನ ಆಲ್ಬಂನಲ್ಲಿದೆ, ನನ್ನ ವಾಟರ್‌ಮಾರ್ಕ್ ಜೊತೆ.

ಒಂದೇ ಸಲಹೆ: ಛಾಯಾಗ್ರಾಹಕ ಬೇಡ, ಫೋಟೋಗ್ರಾಫರ್ ಅಂತ ಹಾಕ್ಸಿ. ‘ಗ್ರಾಹಕ’ ಅಂದ್ರೆ ಕಸ್ಟಮರ್ ಅಂದ್ಕೋತಾರೆ ಜನ.

ಕಪ್ಪೆ ಅಕ್ಕ

ನಾನು ಚಿಕ್ಕಮಗಳೂರಿನವಳು, ಬ್ಯಾಂಕಿನಿಂದ ನಿವೃತ್ತಳಾಗಿ ಆರು ವರ್ಷ. ಮಳೆಗಾಲದ ರಾತ್ರಿ ಹಣೆಗೆ ಟಾರ್ಚ್ ಕಟ್ಟಿಕೊಂಡು ತೋಟದ ತೋಡುಗಳಲ್ಲಿ ಕಪ್ಪೆ ಫೋಟೋ ತೆಗೆಯುತ್ತೇನೆ. ಜಿಗಣೆಗೆ ನನ್ನ ಪರಿಚಯ ಚೆನ್ನಾಗಿದೆ.

ನಿಮ್ಮದಕ್ಕೆ ತಿರುಗಾಮುರುಗ ನನ್ನ ಸ್ಥಿತಿ. ನನ್ನ ಹೆಸರಿನ ಮುಂದೆ ಎಎಫ್‌ಐಎಪಿ ಅಂತ ಹಾಕಿಕೊಳ್ಳಬಹುದು. ಅದು ಅಂತರರಾಷ್ಟ್ರೀಯ ಛಾಯಾಚಿತ್ರ ಒಕ್ಕೂಟ ಕೊಡುವ ಮನ್ನಣೆ. ಬೇರೆ ಬೇರೆ ದೇಶಗಳ ಸಲೂನ್‌ಗಳಿಗೆ, ಅಂದರೆ ಛಾಯಾಚಿತ್ರ ಸ್ಪರ್ಧೆಗಳಿಗೆ, ಚಿತ್ರ ಕಳಿಸುತ್ತಾ, ಆಯ್ಕೆಯಾದವುಗಳ ಲೆಕ್ಕ ಇಟ್ಟು, ಅರ್ಜಿ ಹಾಕಿ ಪಡೆಯಬೇಕು. ಪ್ರತಿ ಸಲೂನಿಗೂ ಶುಲ್ಕ ಇರುತ್ತದೆ, ಬ್ಯಾಂಕಿನವಳಾಗಿ ಅದರ ಲೆಕ್ಕ ಮಾತ್ರ ಇಟ್ಟಿಲ್ಲ. ಇಷ್ಟಾದರೂ ಫೋಟೋದಿಂದ ಒಂದು ರೂಪಾಯಿ ದುಡಿದಿಲ್ಲ. ಹಾಗಾಗಿ ಯಾರಾದರೂ ‘ನೀವು ಫೋಟೋಗ್ರಾಫರಾ’ ಎಂದರೆ ನಾನೂ ‘ಇಲ್ಲಪ್ಪ, ಸುಮ್ಮನೆ ಹವ್ಯಾಸ’ ಎನ್ನುತ್ತೇನೆ. ನೋಡಿ, ದುಡಿಯುವುದಕ್ಕೆ ತೆಗೆಯುತ್ತೇನೆ ಅಂತ ನೀವು ಹಿಂಜರಿಯುತ್ತೀರಿ. ದುಡಿಯುತ್ತಿಲ್ಲ ಅಂತ ನಾನು.

ಹೊಟ್ಟೆಪಾಡಿನ ಅಳತೆ ಇಲ್ಲಿ ನಿಲ್ಲುವುದಿಲ್ಲ. ಸಂಡೂರಿನ ಎಂ.ವೈ. ಘೋರ್ಪಡೆಯವರು ರಾಜ್ಯದ ಹಣಕಾಸು ಮಂತ್ರಿಯಾಗಿದ್ದವರು, ಆದರೆ ನಮ್ಮ ವಲಯದಲ್ಲಿ ಅವರ ಹೆಸರು ಬರುವುದು ವನ್ಯಜೀವಿ ಚಿತ್ರಗಳಿಂದ. ಮೈಸೂರಿನ ಟಿ.ಎಸ್. ಸತ್ಯನ್ ಪತ್ರಿಕೆಗಳಿಗೆ ತೆಗೆದೇ ಬದುಕಿದವರು, 1977ರಲ್ಲಿ ಪದ್ಮಶ್ರೀ ಬಂತು. ಒಬ್ಬರಿಗೆ ಅದು ಕಸುಬು, ಇನ್ನೊಬ್ಬರಿಗೆ ಅಲ್ಲ. ಇಬ್ಬರನ್ನೂ ನಾವು ಕರೆಯುವುದು ಒಂದೇ ಮಾತಿನಿಂದ.

ಒಂದು ವಿಷಯಕ್ಕೆ ನಿಮ್ಮ ಮೇಲೆ ಹೊಟ್ಟೆಕಿಚ್ಚು. ಸಲೂನಿನ ನಿಸರ್ಗ ವಿಭಾಗದಲ್ಲಿ ಚಿತ್ರದಿಂದ ಒಂದು ಕಡ್ಡಿಯನ್ನೂ ತೆಗೆಯುವಂತಿಲ್ಲ, ಸೇರಿಸುವಂತೂ ಇಲ್ಲ. ಅಜ್ಜಿಗೆ ಭುಜ ಕೂರಿಸಿದ ನಿಮ್ಮ ಚಿತ್ರ ಅಲ್ಲಿ ಮೊದಲ ಸುತ್ತಿಗೇ ಹೊರಗೆ. ಆದರೆ ನನ್ನ ಯಾವ ಕಪ್ಪೆಯ ಮುಂದೆಯೂ ಯಾರೂ ಅತ್ತಿಲ್ಲ.

ನನಗೆ ಕೇಳಬೇಕೆನಿಸಿದ್ದು ಬೇರೆ. ಈಗ ರೋಲ್ ಇಲ್ಲ, ಸಂಬಳ ಹಿಡಿಯುವ ಓನರ್ ಇಲ್ಲ. ಇಷ್ಟು ವರ್ಷಗಳಲ್ಲಿ ಯಾರೂ ಹೇಳದೆ, ಯಾರೂ ಕೇಳದೆ ನೀವು ತೆಗೆದ ಫೋಟೋ ಒಂದಾದರೂ ಇಲ್ಲವೇ?

ಜಾವಗಲ್ ಮೇಷ್ಟ್ರು

ಕ್ಯಾಂಡಿಡ್ ಹುಡುಗನಿಗೆ ಮೊದಲು: ಗ್ರಾಹಕ ಎಂದರೆ ತೆಗೆದುಕೊಳ್ಳುವವನು. ಅಂಗಡಿಯಲ್ಲಿ ಬೇಳೆ ತೆಗೆದುಕೊಂಡರೂ ಅವನೇ, ಬೆಳಕಿನಲ್ಲಿ ನೆರಳು ತೆಗೆದುಕೊಂಡರೂ ಅವನೇ. ಪದಕ್ಕೆ ಏನೂ ಊನವಿಲ್ಲ. ಇನ್ನೊಬ್ಬರ ಫೋಟೋ ಮೇಲೆ ವಾಟರ್‌ಮಾರ್ಕ್ ಹಾಕಿಕೊಂಡಿದ್ದೀರಲ್ಲ, ನೀವು ಎರಡನೇ ಅರ್ಥದವರೋ ಮೊದಲನೆಯವರೋ ಯೋಚಿಸಿ.

ಆಲೂರಿನವರೇ, ನಮ್ಮ ಜಿಲ್ಲೆಯಲ್ಲಿ ಈ ಪ್ರಶ್ನೆಗೆ ಎಂಟುನೂರು ವರ್ಷ ದಾಟಿದೆ. ಹೊಯ್ಸಳರ ಗುಡಿಗಳಲ್ಲಿ ಶಿಲ್ಪಿಗಳು ವಿಗ್ರಹದ ಪೀಠದಲ್ಲಿ ತಮ್ಮ ಹೆಸರು ಕೆತ್ತಿಕೊಂಡಿದ್ದಾರೆ. ರೂವಾರಿ ಎಂಬುದು ಅವರು ತಮಗೆ ಇಟ್ಟುಕೊಂಡ ಮಾತು. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ ಮತ್ತು ಅವನ ಮಗ ಚಾವಣ ಹೆಸರಿನ ಜೊತೆ ತಮ್ಮ ಬಿರುದುಗಳನ್ನೂ ಬರೆದುಕೊಂಡರು, ಎದುರಾಳಿ ಶಿಲ್ಪಿಗಳನ್ನು ಕೆಣಕುವ ಧಾಟಿಯಲ್ಲಿ. ಇಂದಿನ ವಿಸಿಟಿಂಗ್ ಕಾರ್ಡು ಅವುಗಳ ಮುಂದೆ ಬಹಳ ಸಂಕೋಚದ್ದು.

ಇನ್ನೊಬ್ಬನಿದ್ದ, ಮಲ್ಲಿತಮ್ಮ. 1196ರ ಅಮೃತಾಪುರದಿಂದ ಸೋಮನಾಥಪುರದವರೆಗೆ ಸುಮಾರು ಅರವತ್ತು ವರ್ಷ ಅವನ ಹೆಸರು ಗುಡಿಯಿಂದ ಗುಡಿಗೆ ಸಿಗುತ್ತದೆ. ನಮ್ಮೂರಿನ ಲಕ್ಷ್ಮೀನರಸಿಂಹ ಗುಡಿಯಲ್ಲೂ ಅವನ ಕೈ ಇದೆ. 1246ರ ನುಗ್ಗೇಹಳ್ಳಿಯಲ್ಲಿ ದಕ್ಷಿಣದ ಗೋಡೆ ನಂದಿ ಎಂಬ ಊರಿನ ಶಿಲ್ಪಿ ಬೈಚೋಜನದು, ಉತ್ತರದ್ದು ಇವನದು. ಇಷ್ಟು ಕೆಲಸ ಮಾಡಿದವನು ರುಜು ಹಾಕುವಾಗ ‘ಮಲ್ಲಿ’ ಎಂದು, ಕೆಲವು ಕಡೆ ಬರೀ ‘ಮ’ ಎಂದು ಬರೆದು ಬಿಟ್ಟಿದ್ದಾನೆ.

ಇವರಲ್ಲಿ ಯಾರೂ ತಮಗೆ ತೋಚಿದ್ದನ್ನು ಕೆತ್ತಿಕೊಂಡು ಕೂತವರಲ್ಲ. ರಾಜನೋ ದಂಡನಾಯಕನೋ ಹೇಳಿಸಿದ, ದುಡ್ಡು ಕೊಟ್ಟ, ಇವರು ಕೆತ್ತಿದರು. ಆರ್ಡರ್ ಕೆಲಸವೇ. ಆದ್ದರಿಂದ ‘ಬೇರೆಯವರು ಕೇಳಿದ್ದನ್ನು ತೆಗೆದೆ’ ಎಂಬ ನಿಮ್ಮ ಸಂಕೋಚಕ್ಕೆ ನನ್ನ ಸಮ್ಮತಿ ಇಲ್ಲ. ಬೋರ್ಡಿನಲ್ಲಿ ಏನು ಬರೆಸುತ್ತೀರೋ ಬಿಡುತ್ತೀರೋ, ಪ್ರಿಂಟಿನ ಹಿಂದೆ ಹೆಸರು ಹಾಕುತ್ತೀರಾ? ಹಿಂದೆ ಸ್ಟುಡಿಯೋಗಳಲ್ಲಿ ರಬ್ಬರ್ ಸ್ಟ್ಯಾಂಪ್ ಒತ್ತುತ್ತಿದ್ದರು. ನನ್ನ ತಂದೆಯ ಫೋಟೋ ಹಿಂದೆ ಈಗಲೂ ಇದೆ, ನೇರಳೆ ಬಣ್ಣದ್ದು.

ಆಲೂರಿನ ಫೋಟೋದವ

ಮೇಷ್ಟ್ರೇ, ಸ್ಟ್ಯಾಂಪ್ ಇತ್ತು. ಡಿಜಿಟಲ್ ಬಂದ ಮೇಲೆ ಲ್ಯಾಬಿಂದ ಬರೋ ಪೇಪರಿನ ಹಿಂದೆ ಶಾಯಿ ಒಣಗಲ್ಲ, ಕೆಳಗಿನ ಫೋಟೋಗೆ ಮೆತ್ತುತ್ತೆ ಅಂತ ಬಿಟ್ಟೆ. ಈಗ ಡ್ರಾಯರ್‌ನಲ್ಲಿ ಹುಡುಕಿದೆ. ರಬ್ಬರು ಬಿರುಕು ಬಿಟ್ಟಿದೆ.

ಕಪ್ಪೆ ಅಕ್ಕ, ನಿಮ್ಮ ಪ್ರಶ್ನೆ ಓದಿ ನಿನ್ನೆ ರಾತ್ರಿ ನಿದ್ದೆ ಬರಲಿಲ್ಲ. ಇಲ್ಲ ಅಂತ ಬರೆಯೋಕೆ ಹೊರಟಿದ್ದೆ, ಆಗ ನೆನಪಾಯ್ತು. ಕರಿಜ್ಮಾ ಆಲ್ಬಂಗೆ (ಪುಟದ ಮೇಲೇ ಫೋಟೋ ಅಚ್ಚಾಗಿರೋ ಮದುವೆ ಆಲ್ಬಂ) ಫೋಟೋ ಆರಿಸೋಕೆ ಪಾರ್ಟಿಯೋರು ಬಂದು ಕೂರ್ತಾರಲ್ಲ, ಇದು ಬೇಕು, ಇದು ಬೇಡ ಅಂತ ಹೇಳ್ತಾ ಹೋಗ್ತಾರೆ. ಆ ಬೇಡದ್ದರಲ್ಲಿ ಕೆಲವು ನನಗೆ ಡಿಲೀಟ್ ಮಾಡೋಕೆ ಮನಸ್ಸು ಬರ್ತಿರಲಿಲ್ಲ. ‘ಬೇಡದ್ದು’ ಅಂತಾನೇ ಒಂದು ಫೋಲ್ಡರ್ ಮಾಡಿ ಅದಕ್ಕೆ ಎಸೀತಿದ್ದೆ. ಡಿಜಿಟಲ್ ತಗೊಂಡ 2009ರಿಂದ ಇದೆ. ನಿನ್ನೆ ತೆಗೆದು ಎಣಿಸಿದೆ, 312.

ಊಟದ ಹಾಲ್‌ನಲ್ಲಿ ಎಲೆ ಎತ್ತಿದ ಮೇಲೆ ಒಬ್ಬನೇ ಕೂತು ಹೋಳಿಗೆ ತಿಂತಿರೋ ವಾಲಗದವನು. ಚಪ್ಪಲಿ ರಾಶೀಲಿ ಮಲಗಿರೋ ನಾಯಿ. ಗ್ರೂಪ್ ಫೋಟೋಗೆ ಬೆಂಚ್ ಹತ್ತೋಕೆ ಮುಂಚೆ ಕನ್ನಡಕ ಒರೆಸ್ಕೋತಿರೋ ಹೆಡ್ಮಾಸ್ಟ್ರು.

ಒಂದನ್ನ ತುಂಬ ಹೊತ್ತು ನೋಡ್ತಾ ಕೂತಿದ್ದೆ. 2016ರ ಮದುವೆ, ಆಲೂರು ಕಡೇದೇ. ಬ್ಯಾಟರಿ ಬದಲಾಯಿಸೋಕೆ ಅಂತ ಛತ್ರದ ಉಗ್ರಾಣಕ್ಕೆ ಹೋದೆ. ಹುಡುಗಿ ತಾಯಿ ಅಕ್ಕಿ ಮೂಟೆ ಮೇಲೆ ಕೂತು, ಗೋಡೆಗೆ ತಲೆ ಒರಗಿಸಿ ನಿದ್ದೆ ಹೋಗಿದ್ರು. ರೇಷ್ಮೆ ಸೀರೆ ನೆರಿಗೆ ಅರ್ಧ ಬಿಚ್ಚಿ, ಕಾಲ ಹತ್ರ ತೆಂಗಿನಕಾಯಿ ರಾಶಿ, ಸಣ್ಣ ಕಿಟಕಿಯಿಂದ ಬೆಳಕು ಒಂದು ಕೆನ್ನೆ ಮೇಲೆ ಮಾತ್ರ. ಆಚೆ ಮೈಕಲ್ಲಿ ಅವರನ್ನೇ ಕೂಗ್ತಿದ್ರು, ಆರತಿಗೆ. ಫ್ಲಾಶ್ ಆಫ್ ಮಾಡಿ ಒಂದೇ ಒಂದು ತೆಗೆದು, ಬಾಗಿಲು ಮೆಲ್ಲಗೆ ಮುಂದಕ್ಕೆ ಮಾಡಿ ಬಂದೆ. ಆಲ್ಬಂ ಆರಿಸೋವಾಗ ಮಗಳು ‘ಅಮ್ಮ ಚೆನ್ನಾಗಿ ಬಂದಿಲ್ಲ’ ಅಂದ್ಲು. ಬೇಡದ್ದಕ್ಕೆ ಹೋಯ್ತು.

ಫ್ಲಾಶ್ ಯಾಕೆ ಆಫ್ ಮಾಡ್ದೆ ಅಂತ ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ.

ಕ್ಯಾಂಡಿಡ್ ಹುಡುಗ, ಚಿಕ್ಕಮಗಳೂರು

ಅಣ್ಣ!! ಆ ಉಗ್ರಾಣದ್ದು ಇಲ್ಲಿ ಹಾಕಿ. ಪ್ಲೀಸ್. (ಮೇಷ್ಟ್ರೇ, ವಾಟರ್‌ಮಾರ್ಕ್ ತೆಗೆದೆ.)

ಕೋರ್ಟ್ ರಸ್ತೆ, ಹಾಸನ

ಹಾಕುವ ಮುಂಚೆ ಒಂದು ನಿಮಿಷ. ನಾನು ವಕೀಲ, ಫೀಸಿಲ್ಲದೆ ಹೇಳುತ್ತಿದ್ದೇನೆ, ಕೇಳಿ.

1957ರ ಕೃತಿಸ್ವಾಮ್ಯ ಕಾಯ್ದೆ ಪ್ರಕಾರ ಛಾಯಾಚಿತ್ರದ ಕರ್ತೃ ಅದನ್ನು ತೆಗೆದವನು. ಕಲೆಯೋ ಆಕಸ್ಮಿಕವೋ ಅಂತ ಅಲ್ಲಿ ಕೇಳುವುದಿಲ್ಲ. ಅಜ್ಜಿಯ ನಗುವಿಗೂ ನೀವೇ ಕರ್ತೃ, ಬಾಳೆಗಿಡದ ಫೋಟೋಗೂ ನೀವೇ. ಕರ್ತೃ ಎಂದು ಹೇಳಿಕೊಳ್ಳುವ ಹಕ್ಕು 57ನೇ ಕಲಮಿನಲ್ಲಿ ಬೇರೆಯೇ ಇದೆ, ಸ್ವಾಮ್ಯ ಇನ್ನೊಬ್ಬರದಾದ ಮೇಲೂ ಅದು ನಿಮ್ಮ ಹತ್ತಿರ ಉಳಿಯುತ್ತದೆ.

ಆದರೆ ಸ್ವಾಮ್ಯವೇ ಬೇರೆ. ದುಡ್ಡು ಕೊಟ್ಟು ಹೇಳಿ ತೆಗೆಸಿದ ಫೋಟೋಗೆ, ಬೇರೆ ಕರಾರು ಇಲ್ಲದಿದ್ದರೆ, ಮೊದಲ ಒಡೆಯ ತೆಗೆಸಿದವನು. 17ನೇ ಕಲಮು. ಉಗ್ರಾಣದಲ್ಲಿ ಯಾರೂ ಹೇಳದೆ ತೆಗೆದದ್ದು ಆ ಆರ್ಡರಿನ ಒಳಗೋ ಹೊರಗೋ ಎಂದು ನಾನು ಎರಡೂ ಕಡೆ ವಾದಿಸಬಲ್ಲೆ. ಅದಕ್ಕಿಂತ ಸುಲಭ ದಾರಿ ಅಂದರೆ, ಆ ತಾಯಿಯನ್ನೇ ಕೇಳಿ. ನಿದ್ದೆ ಮಾಡುತ್ತಿದ್ದವರು ಅವರು.

ಕಪ್ಪೆ ಅಕ್ಕ

ವಕೀಲರು ಹೇಳಿದ್ದು ಸರಿ. ನಾನು ಅದನ್ನು ಸಲೂನಿಗೆ ಕಳಿಸಿ ಎಂದು ಬರೆಯಲು ಹೊರಟಿದ್ದೆ, ಅಳಿಸಿದೆ. ಕಪ್ಪೆಗಳನ್ನು ಕೇಳಿ ಅಭ್ಯಾಸವಿಲ್ಲ ನೋಡಿ.

ಆಲೂರಿನ ಫೋಟೋದವ

ಭಾನುವಾರ ಅವರ ಮನೆಗೆ ಹೋಗಿದ್ದೆ. 8-12 ಪ್ರಿಂಟ್ ಹಾಕಿ, ಪೇಪರಲ್ಲಿ ಸುತ್ತಿಕೊಂಡು. ಆ ತಾಯಿಗೆ ಈಗ ಮೊಮ್ಮಕ್ಕಳಿದ್ದಾರೆ. ಕನ್ನಡಕ ತರಿಸಿ ಹಾಕ್ಕೊಂಡು ಕಿಟಕಿ ಹತ್ರ ಹಿಡಿದು ನೋಡಿದ್ರು. ಬೈತಾರೇನೋ ಅಂತ ನಾನು ಬಾಗಿಲಲ್ಲೇ ನಿಂತಿದ್ದೆ. ಇದ್ದಕ್ಕಿದ್ದ ಹಾಗೆ ‘ರೀ, ಬನ್ನಿ ಇಲ್ಲಿ’ ಅಂತ ಗಂಡನ್ನ ಕೂಗಿದ್ರು.

ಮದುವೆ ದಿನ ಉಗ್ರಾಣದ ಬೀಗದ ಕೈ ಗೊಂಚಲು ಕಾಣದೇ ಛತ್ರ ಎಲ್ಲ ಹುಡುಕಿ, ಕಳೆದುಹಾಕಿದ್ದು ನೀನೇ ಅಂತ ಗಂಡ ಎಲ್ಲರ ಮುಂದೆ ಬೈದಿದ್ರಂತೆ. ಫೋಟೋದಲ್ಲಿ ಗೊಂಚಲು ಅವರ ಸೊಂಟದಲ್ಲೇ ಇದೆ, ನೆರಿಗೆ ಸಂದಿಯಿಂದ ಅರ್ಧ ಕಾಣುತ್ತೆ. ಇಷ್ಟು ವರ್ಷದಿಂದ ನೋಡಿದ ನಾನೇ ಗಮನಿಸಿರಲಿಲ್ಲ. ‘ನೋಡಿ, ಎಲ್ಲಿತ್ತು? ಎಲ್ಲಿತ್ತು ಹೇಳಿ?’ ಅಂತ ಆಯಮ್ಮ ಬೆರಳಿಟ್ಟು ತೋರಿಸ್ತಾನೇ ಇದ್ರು. ಯಜಮಾನರು ಟವಲ್ ಕೊಡವಿಕೊಂಡು ಆಚೆ ಹೋದ್ರು.

ಎಲ್ಲಾದ್ರೂ ಹಾಕ್ಲಾ ಅಂತ ಕೇಳಿದ್ದಕ್ಕೆ, ‘ಹಾಕಪ್ಪ, ಆದ್ರೆ ಕೀ ಕಾಣೋ ಹಾಗೆ ಹಾಕು’ ಅಂದ್ರು. ದುಡ್ಡು ತಗೊಳ್ಳಲಿಲ್ಲ, ಒಂದು ಕೆ.ಜಿ. ಕಾಫಿಪುಡಿ ಕೊಟ್ಟು ಕಳಿಸಿದ್ರು. ಪ್ರಿಂಟಿನ ಹಿಂದೆ ಪೆನ್ನಲ್ಲೇ ಹೆಸರು ಬರೆದು ಬಂದೆ, ಮೇಷ್ಟ್ರು ಕೇಳಿದ್ರಲ್ಲ ಅಂತ. ಇಲ್ಲಿ ಇನ್ನೊಂದು ವಾರ ಬಿಟ್ಟು ಹಾಕ್ತೀನಿ, ಮಗಳಿಗೂ ಒಂದು ಮಾತು ಹೇಳಬೇಕು.

ಬೋರ್ಡು ಆಯ್ತು. ಸೋಮವಾರ ಬರೆಸಿದೆ. ಆರ್ಟಿಸ್ಟ್ ಮಳೆ ಬರೋದರೊಳಗೆ ಮುಗಿಸಬೇಕು ಅಂತ ಅವಸರ ಮಾಡಿ, ‘ಛಾಯಾ’ ಆದ ಮೇಲೆ ಮಧ್ಯ ಒಂದು ಅಕ್ಷರದಷ್ಟು ಜಾಗ ಬಿಟ್ಟು ‘ಗ್ರಾಹಕ’ ಬರೆದಿದ್ದಾರೆ. ಒಣಗೋವರೆಗೂ ತಿದ್ದೋಕಾಗಲ್ಲ ಅಂತಾರೆ, ಇಲ್ಲಿ ಮಳೆ ನಿಲ್ಲೋ ಲಕ್ಷಣ ಇಲ್ಲ. ಇವತ್ತು ಪಾಸ್‌ಪೋರ್ಟ್ ಸೈಜಿಗೆ ಬಂದ ಅಜ್ಜ ಒಬ್ಬರು ಬೋರ್ಡ್ ನೋಡಿ, ‘ಛಾಯಾ ಅಂದ್ರೆ ಮಗಳಾ?’ ಅಂದ್ರು.